ಕಂದೀಲು ಹಿಡಿದ ಆಮೆ

ತೀನ್ ಕಂದೀಲಿನ ಹತ್ತಿರ, ಪಾನ್ ಅಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ
ಆರಡಿ ಅಗಲ ನನ್ನ ಮೊಬೈಲ್ ರಿಪೇರಿ.
ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ
ಹಗಲೆಲ್ಲ ಸುಟ್ಟ ಸರ್ಕ್ಯೂಟು ನೋಡುತ್ತದೆ,
ಷಟರ್ ಅರ್ಧ ಎಳೆದ ಮೇಲೆ
ಎಲೆ ನೋಡುತ್ತದೆ.

ಎಲೆ ಎಂದರೆ ಇಸ್ಪೀಟಲ್ಲ.
ಅಂಚೆಯ ವೀರನಗೌಡರಿಗೆ ಮೂರು ಸಲ ಹೇಳಿದ್ದೇನೆ.
ಒಸಾಕಾದ ಲಕೋಟೆಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿ
'ಜಪಾನಿನಾಗೂ ಅಂದರ್ ಬಾಹರ್ ಆಡ್ತಾರೇನಪಾ' ಅಂದರು,
ಸುಂಕದ ಚೀಟಿ ಚಾಚುತ್ತ.

ಮಾರುವವರ ಮಾತು ಕಲಿಯಲು ಎರಡು ವರ್ಷ ಹಿಡಿಯಿತು.
ಜಪಾನಿನವ 'ಗಾಯವಿದೆ, ಕ್ಷಮಿಸಿ' ಎಂದು ಬರೆದರೆ
ಆ ಗಾಯ ಹುಡುಕಲು ಅರ್ಧ ರಾತ್ರಿ ಬೇಕು.
ಅಮೆರಿಕದವ 'ಹೊಸದರ ಹಾಗಿದೆ' ಎಂದರೆ
ನಾಲ್ಕೂ ಮೂಲೆಗೆ ಸುಣ್ಣ ಬಳಿದಂಥ ಬಿಳುಪು.

ಒಂದೇ ಆಮೆ, ಕೈಯಲ್ಲಿ ಅದೇ ಕಂದೀಲು, ಅಚ್ಚಾದದ್ದೂ ಅದೇ ವರ್ಷ.
ಹೊಟ್ಟೆಯ ಕೆಳಗಿನ ಬರಹ ಇಂಗ್ಲಿಷಾದರೆ ನಾಲ್ಕು ಪಟ್ಟು.
ಕಾಗದ ಜಪಾನಿನದೇ ಚೆಂದ, ಕೊಯ್ತವೂ ನೇರ,
ಬೆಲೆ ಮಾತ್ರ ಭಾಷೆಗೆ.
ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಿಲ್ಲ;
ಗಿರಾಕಿ ಇಂಗ್ಲಿಷಿನಲ್ಲಿ ಮಾತಾಡಿದರೆ
ನಾನೂ ಐವತ್ತು ಹೆಚ್ಚು ಹೇಳುತ್ತೇನೆ.

ಮೇ ತಿಂಗಳಲ್ಲಿ ಹೊಳಪಿನ ಎಲೆ ಬಿಲ್ಲಾಗಿ ಬಾಗುತ್ತದೆ.
ಸಮುದ್ರದ ತೇವ ಉಂಡದ್ದು
ರಾಯಚೂರಿನ ನಲವತ್ತನಾಲ್ಕನ್ನು ಹೇಗೆ ತಾಳೀತು?
ಡಬ್ಬಿಯಲ್ಲಿ ಹಾಕಿ ಸೋನಾಮಸೂರಿ ಚೀಲದ ಅಡಿಗೆ ಇಟ್ಟಿದ್ದೇನೆ.
'ಅಕ್ಕಿ ತೆಗೀಬೇಕಾದ್ರ ಆಮಿಗೆ ಹೇಳೇ ತೆಗೀಬೇಕೇನು'
ಅನ್ನುತ್ತಾಳೆ ಅಯ್ಯಮ್ಮ.

ಸೋದರಮಾವ ಅಮರಗುಂಡಪ್ಪ
ರಾಜೇಂದ್ರಗಂಜಿನಲ್ಲಿ ಮೂವತ್ತೆಂಟು ವರ್ಷ ಹತ್ತಿ ನೋಡಿದವ.
ಅಂಡಿಗೆಯಿಂದ ಒಂದು ಹಿಡಿ ಕಿತ್ತು
ಎರಡು ಹೆಬ್ಬೆರಳ ನಡುವೆ ಎಳೆದು, ಮಡಚಿ, ಮತ್ತೆ ಎಳೆದು
ಎಳೆಯ ಉದ್ದ ಹೇಳಿಬಿಡುತ್ತಿದ್ದ.
ಆಮೇಲೆ ಮಷೀನು ಬಂದು ಅದನ್ನೇ ಹೇಳಿತು, ಬಿಲ್ಲು ಸಮೇತ.
ಈಗ ಮಧ್ಯಾಹ್ನ ನನ್ನ ಸ್ಟೂಲಿನ ಮೇಲೆ ಕೂತು
ಬೆರಳು ಸುಮ್ಮನಿಡಲಾಗದೆ
ಸತ್ತ ಫೋನುಗಳ ಮೈ ಸವರುತ್ತಾನೆ.

ಅವತ್ತು ಆಮೆಯನ್ನು ಅಮೆರಿಕಕ್ಕೆ ಕಟ್ಟುತ್ತಿದ್ದೆ.
ಅಲ್ಲಿ ಹತ್ತಕ್ಕೆ ಇಷ್ಟೆಂದು ಅಂಕ ಕೊಟ್ಟು
ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಜೀವಂತ ಹೂಳಿ ಕಳಿಸುತ್ತಾರೆ.
ಚಿತ್ರ ನಡುವಿಗಿದೆಯೇ ಎಂದು ಅಳೆದಿದ್ದೆ, ಮೂಲೆ ಎಣಿಸಿದ್ದೆ,
ಬೆಳಕಿಗೆ ಓರೆ ಹಿಡಿದು ಗೀರು ಹುಡುಕಿದ್ದೆ.
ಹತ್ತೇ ಬರಬೇಕು. ಒಂಬತ್ತಾದರೂ ನಷ್ಟವಿಲ್ಲ.

'ಕೊಡಿಲ್ಲಿ' ಅಂದ ಮಾವ.
ಕೈ ತೊಳ್ಕೊಂಡು ಬಾ ಅಂದೆ.
ತೊಳೆದು, ಧೋತರಕ್ಕೆ ಒರೆಸಿ, ನನ್ನ ಮುಖ ನೋಡಿ
ಮತ್ತೊಮ್ಮೆ ತೊಳೆದು ಬಂದ.
ಕಣ್ಣು ಮುಚ್ಚಿದ. ಹೆಬ್ಬೆರಳು
ಮೇಲಂಚಿನ ಮೇಲೆ ನಡೆಯಿತು, ಬಲಕ್ಕೆ ಇಳಿಯಿತು, ಅಡಿಗೆ ಬಂತು,
ಎಡಕ್ಕೆ ಹತ್ತುವಾಗ ನಿಂತಿತು.

'ಈ ಮಗ್ಗಲಿಗೆ ಬ್ಯಾರೆ ಬ್ಲೇಡು ಬಿದ್ದದ.'

ಗಾಜಿಗೆ ಕಣ್ಣು ಹಚ್ಚಿದೆ, ಏನೂ ಕಾಣಲಿಲ್ಲ.
ಅಗ್ಗದ ಇನ್ನೊಂದು ಎಲೆಯ ಮೇಲೆ ಇಟ್ಟು ನೋಡಿದೆ:
ಕೂದಲೆಳೆಯಷ್ಟು ಕಿರಿದು.
ಸವೆದ ಅಂಚನ್ನು ಯಾರೋ ಕೊಯ್ದು ಹೊಸದು ಮಾಡಿದ್ದರು.
ಕೊಯ್ದದ್ದಕ್ಕೆ ಅಲ್ಲಿ ಒಂದೂ ಇಲ್ಲ, ಸೊನ್ನೆಯೂ ಇಲ್ಲ;
ಅಂಕವೇ ಇಲ್ಲದೆ ವಾಪಸು.

ಹಳೆಯ ಸಂದೇಶ ತೆರೆದೆ. ಒಸಾಕಾದವ ಬರೆದೇ ಇದ್ದ:
'ಎಡ ಮಗ್ಗುಲು ಸ್ವಲ್ಪ ಬೇರೆ. ಕ್ಷಮಿಸಿ.'
ಅದು ಅವರ ಸಭ್ಯತೆ ಎಂದು ನಾನೇ ಓದಿಕೊಂಡಿದ್ದೆ,
ಎರಡು ವರ್ಷ ಮಾತು ಕಲಿತವ.

ರಾತ್ರಿ ಹೈದರಾಬಾದಿನ ಹುಡುಗ ಕೇಳಿದ: ಆಮೆ ಹೇಗಿದೆ?
'ಗಾಯವಿದೆ, ಕ್ಷಮಿಸಿ' ಎಂದು ಬರೆದೆ.
ನಗುವ ಮುಖವೊಂದು ಬಂತು.
ಐನೂರು ಏರಿಸಿದ. ನಾಳೆಯೇ ಬರುತ್ತಾನಂತೆ.

ಮಾವ ಷಟರಿನ ಕೆಳಗೆ ಬಗ್ಗಿ ಹೊರಟಿದ್ದ.
ನಾಳೆ ತಪ್ಪಿಸಬೇಡ ಅಂದೆ,
ಆ ಹುಡುಗನ ಹೆಬ್ಬೆರಳು ಹಿಡಿದು
ಎಡ ಅಂಚಿಗೆ ಮುಟ್ಟಿಸಬೇಕು.
'ಮೊದಲ ಕೈ ತೊಳ್ಕೊಳ್ಳಾಕ ಹೇಳು' ಅಂದ.