ಮೂರನೆಯ ತೂತು

ಹೊಳಪು ನೋಡಬೇಡ ತಬ್ರೇಜ್,
ಹೊಳಪು ಯಾರು ಬೇಕಾದರೂ ತರಿಸಬಹುದು.
ಮೊಣಕಾಲೂರಿ ಕೂರು, ಬಾಗಿಲ ಕೆಳಗಿನ ಮಡಿಕೆಯಲ್ಲಿ ಬೆರಳಾಡಿಸು.
ಬೂದು ಬಣ್ಣದ ಪುಡಿ ಹತ್ತಿತಾ?
ಅದು ಸೈನೈಡ್ ದಿಬ್ಬದ್ದು,
ಬೇಸಿಗೆ ಗಾಳಿಗೆ ಆಂಡರ್ಸನ್‌ಪೇಟೆಯ ಅನ್ನದ ತಟ್ಟೆಗೂ ಬೀಳುತ್ತೆ.
ಅಂದರೆ ಈ ಗುಂಡು ಬೆಂಜು ಕೆಜಿಎಫ್ ಬಿಟ್ಟು ಹೆಚ್ಚು ಅಲೆದಿಲ್ಲ.
ಶೆಟ್ಟರ ಒಂದು ಮಾತು ನಿಜವಾಯಿತು.

ಎರಡನೆಯ ಮಾತು:
‘ನೂರಾತೊಂಬತ್ತು ಕಣಮ್ಮಾ, ಅಸಲಿ. ಪಕ್ಕದ ಪಟ್ಟಿ ನೋಡು!’
ಮುಳಬಾಗಿಲಿನ ವೆಂಕಟಾಚಲ ಶೆಟ್ಟರು
ಬಾನೆಟ್ಟಿನ ನಕ್ಷತ್ರವನ್ನು ಕರವಸ್ತ್ರದಲ್ಲಿ ಒರೆಸುತ್ತಲೇ ಇದ್ದಾರೆ.

ನೂರಾಎಂಬತ್ತು, ನೂರಾತೊಂಬತ್ತು
ಒಂದೇ ಹೊಟ್ಟೆಯ ಅಣ್ಣತಮ್ಮಂದಿರು ಕಣೋ.
ಅಣ್ಣನಿಗೆ ಮೂಗು ಅಗಲ,
ಮುಂಬಾಗಿಲ ಗಾಜಿನಲ್ಲಿ ಮೂರು ಮೂಲೆಯ ಪುಟ್ಟ ಕಿಟಕಿ,
ಸೊಂಟಕ್ಕೆ ಬೆಳ್ಳಿ ಉಡಿದಾರ.
ಇದಕ್ಕೆ ಉಡಿದಾರವಿದೆ. ಮೂಗು ಸಣ್ಣದು. ಪುಟ್ಟ ಕಿಟಕಿಯ ಸುಳಿವಿಲ್ಲ.
ಉಡಿದಾರ ಕಟ್ಟಿದ ಮಾತ್ರಕ್ಕೆ
ಕೂಸು ದೊಡ್ಡಮನೆಯದಾಗುತ್ತಾ?

ಬಾನೆಟ್ ಎತ್ತು. ತಗಡಿನ ಮೇಲೆ ಒಂದು, ಎರಡು, ಸೊನ್ನೆ.
ಸೊನ್ನೆಯ ಜಾಗದಲ್ಲಿ ಒಂದು ಇದ್ದಿದ್ದರೆ
ಬಾಯಿ ಮುಚ್ಚಿಕೊಂಡು ರಸೀದಿ ಬರೆಯುತ್ತಿದ್ದೆ.

ಆಮೇಲೆ ಬಾಗಿಲಿನ ಒಳರಟ್ಟು ಬಿಚ್ಚಿದೆವು, ನೆನಪಿದೆಯಾ?
ಕಾರ್ಖಾನೆಯ ತೂತಿಗೆ ಅಂಚು ನಯ, ತೂತಿನೊಳಗೂ ಬಣ್ಣ;
ಮೊದಲು ತೂತು, ಆಮೇಲೆ ತಾನೇ ಬಣ್ಣ.
ಇಲ್ಲಿ ಬರೀ ತಗಡು, ತುಕ್ಕು, ಕೈಡ್ರಿಲ್ಲು ಎಬ್ಬಿಸಿದ ಮುಳ್ಳು.
ಏಳು ತೂತು.
ಮೂರನೆಯದು ಒಂದು ನೂಲು ಕೆಳಗೆ.

ಟಾರ್ಚು ಅಲ್ಲೇ ನಿಂತಿತು.

ನಮ್ಮಪ್ಪ ಆರೋಗ್ಯಸ್ವಾಮಿ,
ಚಾಂಪಿಯನ್ ರೀಫ್ ವರ್ಕ್‌ಶಾಪಿನ ಫಿಟ್ಟರ್,
ಎಡಗೈ ತೋರುಬೆರಳ ತುದಿಯನ್ನು ಲೇತಿಗೆ ಕೊಟ್ಟವನು.
ಗುರುತು ಹಾಕುವಾಗ ಆ ಮೊಂಡು ಬೆರಳು ಒಂದೆಡೆ ಜಾರಲೇಬೇಕು.
ನಮ್ಮ ಮನೆಯ ಗೋಡೆಗೂಟ, ಮಾತೆಯ ಪೀಠದ ಮೊಳೆ,
ಕೋಳಿಗೂಡಿನ ಜಾಲರಿ
ಎಲ್ಲದರಲ್ಲೂ ಮೂರನೆಯದು ಸೊಟ್ಟ.
ಅಮ್ಮ ಬೈದೂ ಬೈದೂ ಸುಮ್ಮನಾಗಿದ್ದಳು.

ತೂತಿನ ಬಾಯಿಗೆ ಮೇಣ ಮೆತ್ತಿತ್ತು,
ನೀರು ಇಳಿಯದಿರಲೆಂದು ಚರ್ಚಿನ ಮೋಂಬತ್ತಿಯ ತುಣುಕು.
ಉಗುರಲ್ಲಿ ಕೆರೆದು ಮೂಸಿದೆ.
ವಾಸನೆ ಏನೂ ಇರಲಿಲ್ಲ.

ಗಣಿ ಆಸ್ಪತ್ರೆಯ ಡಾಕ್ಟರಿಗೆ
ಸೂಪರಿಂಟೆಂಡೆಂಟರ ಕಾರಿನಂಥದೇ ಬೇಕಿತ್ತಂತೆ.
ಅಪ್ಪ ಎರಡು ರಾತ್ರಿ ಹಿತ್ತಾಳೆ ಬಗ್ಗಿಸಿದ, ನಿಕ್ಕಲ್ ಹಿಡಿಸಿದ.
ಕೂಲಿಯಾಗಿ ಬಂದದ್ದು ಒಂದು ರೇಡಿಯೋ,
ಅದು ಒಂದು ದಿನವೂ ಹಾಡಲಿಲ್ಲ.

‘ಬರೆದುಕೋ’ ಅಂದೆ ನಿನಗೆ.
‘ನೂರಾಎಂಬತ್ತು. ಪಟ್ಟಿ ಆಮೇಲಿನದು. ಊರಿನ ಕೆಲಸ.’
‘ಯಾರದು ಅಂತ ಬರೀಲಾ ಅಕ್ಕಾ?’
ಅಂಥ ಕಾಲಂ ಇಲ್ಲ ಕಣೋ.

ಶೆಟ್ಟರು ಮೂರು ಲಕ್ಷ ಹೋಯಿತೆಂದು
ಸ್ಟೂಲಿನ ಮೇಲೆ ಕೂತೇಬಿಟ್ಟರು.
‘ಬರೆಯದಿದ್ದರೆ ಯಾರಿಗೆ ಗೊತ್ತಾಗುತ್ತೆ?’ ಅಂದರು.
ನೀರು ಕೊಟ್ಟೆ. ಕುಡಿದರು. ಯೋಚಿಸಿದರು.
‘ಹಾಗಾದರೆ ಪಟ್ಟಿ ಕಿತ್ತು ತೂತು ಮುಚ್ಚು.
ಅಪ್ಪಟ ಎಂಬತ್ತೇ ಆಗಲಿ, ಅದಕ್ಕೂ ಗಿರಾಕಿಗಳಿದ್ದಾರೆ.’

ನ್ಯಾಯವಾದ ಮಾತು. ಕಾರಿನ ಪಾಲಿಗೆ ಅದೇ ಸರಿ.
ಮುಚ್ಚಿದೆ. ಒಂದು, ಎರಡು.
‘ಗ್ಯಾಸ್ ತೀರಿತಾ ಅಕ್ಕಾ?’ ಅಂದೆ ನೀನು.
ತೀರಿರಲಿಲ್ಲ.
ಮಾರಿಕುಪ್ಪಂ ರೈಲು ಕೂಗಿತು, ಟೀ ಕುಡಿದು ಬಂದೆ,
ಮೂರನೆಯದನ್ನೂ ಮುಚ್ಚಿ ಉಜ್ಜಿದೆ.
ಬಣ್ಣ ಒಣಗಿದ ಮೇಲೆ
ನನ್ನ ಬೆರಳಿಗೇ ಅದರ ಜಾಗ ಸಿಗಲಿಲ್ಲ,
ಅಷ್ಟು ಚೆನ್ನಾಗಿ ಮುಚ್ಚಿದ್ದೆ.
ಕೂಲಿ ಪೂರ್ತಿ ತೆಗೆದುಕೊಂಡೆ,
ರೇಡಿಯೋ ಅಲ್ಲ, ದುಡ್ಡು.

ಪಟ್ಟಿ ಶೆಟ್ಟರಿಗೆ ಬೇಡವಾಗಿತ್ತು.
ಈಗ ಅಡುಗೆಮನೆ ಕಿಟಕಿಯ ಮೇಲಿದೆ,
ಅದರ ಕೊಂಡಿಗಳಿಗೆ ಪರದೆ ಸಿಕ್ಕಿಸಿದ್ದೇನೆ.
ಒಂದು ಕಡೆ ಜೋತುಬಿದ್ದಿದೆ ಅಂತ
ಬಂದವರೆಲ್ಲ ಸರಿಮಾಡಲು ಎಳೆಯುತ್ತಾರೆ.