ಒಂದು ಗುಂಟೆ

ಯಾವುದೋ ಮಗುವಿನ ಪ್ರಾಜೆಕ್ಟಿಗೆ
ಹಾಳೆ ತೆಗೆಯುತ್ತಿದ್ದೆ.
ಟ್ರೇಯಲ್ಲಿ ಬಿಸಿಬಿಸಿ ಬಿದ್ದ ಚಿತ್ರ ನೋಡಿ
ಪಿಂಚಣಿ ಕಾಗದ ಹಿಡಿದು ನಿಂತ ಪಾಲಯ್ಯ ಕೇಳಿದ:
"ಯಾರ ಗಡಿಗಲ್ಲವ್ವ ಇವು, ಇಷ್ಟೊಂದು ಚೂಪು?"

ಮೆರೊಯೆ, ಅಂದೆ. ಸುಡಾನು.
ಈಜಿಪ್ಟಿನ ದೊಡ್ಡವಲ್ಲ,
ನಕ್ಷೆಯಲ್ಲಿ ಅದಕ್ಕೂ ಕೆಳಗೆ,
ನೈಲ್ ನದಿ ಸೊಟ್ಟಗೆ ತಿರುಗಿ ಬರುವ ಕಡೆ.
ಹೆಚ್ಚು ಜನ ಹೋಗೋದಿಲ್ಲ.

"ಜನ ಹೋಗದ ಕಡೆಗೇ ನಮ್ಮನ್ನ ಕಳಿಸ್ತಿದ್ರು"
ಅಂದ, ಸರ್ವೆ ಆಫೀಸಿನಲ್ಲಿ
ಮೂವತ್ತಾರು ವರ್ಷ ಸರಪಳಿ ಎಳೆದವನು.
ಹಾಳೆಗೆ ಎರಡು ರೂಪಾಯಿ ಕೊಟ್ಟ. ಮಡಿಸಲಿಲ್ಲ.

ಮರುದಿನದಿಂದ ನನ್ನ ಜೆರಾಕ್ಸ್ ಅಂಗಡಿಯ
ಮುರಿದ ಸ್ಟೂಲು ಪ್ರಯಾಣದ ಕಚೇರಿ.
ಸೆಗಣಿ ಬಣ್ಣದ ಡೈರಿಯಲ್ಲಿ ಪಟ್ಟಿ:
ಪಾಸ್‌ಪೋರ್ಟು. ಹಳದಿ ಜ್ವರದ ಸೂಜಿ.
ಚಳ್ಳಕೆರೆ ಕಂಬಳಿ ಒಂದು, ಹಗಲು ಮರಳಿಗೆ, ರಾತ್ರಿ ಚಳಿಗೆ.
ಶೇಂಗಾ ಚಟ್ನಿಪುಡಿ ಎರಡು ಸೇರು.
ಒಂಟೆಯವನಿಗೆ ಕೊಡಲು ಏನಾದರೂ
(ಏನು ಅಂತ ಇನ್ನೂ ಬರೆದಿಲ್ಲ).

ವಿಚಾರಣೆಗೆ ಬಂದ ಪೇದೆ ಅಂಗಡಿ ಮುಂದೆಯೇ ಹಿಡಿದ.
"ಹೊರದೇಶದಲ್ಲಿ ಏನು ಕೆಲಸ?"
"ಅಳತೆ."
"ಯಾರ ಜಮೀನು?"
"ಒಬ್ಬ ರಾಣೀದು. ತೀರಿಕೊಂಡಿದಾಳೆ."
"ಯಾವಾಗ?"
"ಎರಡು ಸಾವಿರ ವರ್ಷ ಆಯ್ತು."
"ವಾರಸುದಾರರು?"
"ಯಾರೂ ಅರ್ಜಿ ಹಾಕಿಲ್ಲ ಸಾಮಿ."
ಪೇದೆ ಬಹಳ ಹೊತ್ತು ಜೋಗಿಮಟ್ಟಿ ಕಡೆ ನೋಡಿದ,
ಅಲ್ಲಿ ಗಾಳಿಪಂಕ ಒಂದು ನಿಂತಿತ್ತು, ಒಂದು ತಿರುಗುತ್ತಿತ್ತು.
ಆಮೇಲೆ ರುಜು ಹಾಕಿದ.

ಆ ರಾತ್ರಿಯೇ ನಾನು ಫೋನಿನಲ್ಲಿ ಓದಿದ್ದು:
ಅಲ್ಲಿ ಯುದ್ಧ. ವಿಮಾನದ ಹಾದಿ ಮುಚ್ಚಿದೆ.
ಊರು ಬಿಟ್ಟವರ ಸಾಲು ನಕ್ಷೆಯಲ್ಲಿ
ಕೆಂಪು ಗೆರೆಯಾಗಿತ್ತು.
ಹೇಳಲಿಲ್ಲ. ಮೂರು ದಿನ
ಬಸ್ಸು, ದುಡ್ಡು, ಕಂಬಳಿಯ ತೂಕ ಅಂತ
ಸುಳ್ಳಿಗೆ ಲೆಕ್ಕ ಕೂಡಿಸಿದೆ.

ನಾಲ್ಕನೇ ದಿನ ಅವನೇ ಅಂದ:
"ಗೊತ್ತು ಬಿಡವ್ವ. ಪೇಪರು ನಾನೂ ಓದ್ತೀನಿ.
ತಕರಾರಿನ ಜಮೀನು ಎಷ್ಟು ಕಂಡಿಲ್ಲ.
ಸ್ಟೇ ತೆರವಾಗೋವರೆಗೆ ಕಾಯಬೇಕು, ಅಷ್ಟೇ.
ಪಾಪ, ಅಲ್ಲಿ ಚೈನ್ ಹಿಡಿಯೋನೂ
ಎಲ್ಲೋ ಓಡಿಹೋಗಿರ್ತಾನೆ."
ಸ್ವಲ್ಪ ತಡೆದು:
"ಬುಡ ಎಷ್ಟಡಿ ಅಂದೆ?"

ಸಣ್ಣವು ಮೂವತ್ತು ಚಿಲ್ಲರೆ ಅಡಿ, ಅಂದೆ.

ಅವನ ಮುಖ ಆಗ ನೀವು ನೋಡಬೇಕಿತ್ತು.
"ಮೂವತ್ತಮೂರು! ಒಂದು ಸರಪಳಿ!
ಹದಿನಾರು ಆಣೆ ಸರಿಯಾಗಿ!
ನಾಲ್ಕೂ ಕಡೆ ಒಂದೊಂದು ಅಂದ್ರೆ
ಒಂದು ಗುಂಟೆ ಕಣವ್ವ.
ಒಂದು ಗುಂಟೆಗಾಗಿ ಹೊಸದುರ್ಗದಲ್ಲಿ
ಅಣ್ಣ ತಮ್ಮ ಹನ್ನೊಂದು ವರ್ಷ ಮಾತು ಬಿಟ್ಟಿದ್ರು.
ಆಯಮ್ಮ ಅಷ್ಟರಲ್ಲೇ ಮಲಗಿ
ಮಿಕ್ಕ ದೇಶ ಬಿಟ್ಟುಕೊಟ್ಳಾ?"

ಐದೂವರೆಗೆ ಶಟರ್ ಎಳೆದು
ಕಾಲೇಜು ಮೈದಾನಕ್ಕೆ ಹೋದೆವು.
ಗೋಣಿಚೀಲದಿಂದ ಹಳೆಯ ಸರಪಳಿ
ತುಕ್ಕು ಉದುರಿಸುತ್ತ ಹೊರಬಂತು.
ಒಂದು ತುದಿ ನನ್ನ ಕೈಗೆ ಕೊಟ್ಟು
"ಎಳಿ, ಕುಣಿಕೆ ಬಿಡಬೇಡ" ಅಂದ.
ನಾಲ್ಕು ಮೂಲೆಗೆ ನಾಲ್ಕು ಕಲ್ಲು.
ಸುಣ್ಣದ ಪುಡಿ ನಡುವೆ ಖಾಲಿಯಾಗಿ
ಪಶ್ಚಿಮದ ಗೆರೆ ಅರ್ಧಕ್ಕೇ ನಿಂತಿತು.

ತುದಿಯಿಲ್ಲದವೂ ಇವೆಯಂತೆ ಅಲ್ಲಿ,
ಚಿನ್ನದ ಆಸೆಗೆ ಯಾರೋ ಪರದೇಶಿ ತಲೆ ಕಡಿಸಿದ್ದನಂತೆ.
ಹೇಳಿದೆ. ಪಾಲಯ್ಯ ಮೇಲೆ ನೋಡಿದ,
ಇಲ್ಲದ ಕಲ್ಲಿನ ಇಲ್ಲದ ತುದಿಯನ್ನು,
ಕಣ್ಣಿಗೆ ಕೈ ಅಡ್ಡ ಹಿಡಿದು.
ಅಲ್ಲೊಂದು ಹದ್ದು ಇತ್ತು, ಹೋಯಿತು.

ಅಷ್ಟರಲ್ಲಿ ಕ್ರಿಕೆಟ್ಟಿನ ಚೆಂಡೊಂದು
ಉರುಳುತ್ತ ಬಂದು ರಾಣಿಯ ಪಕ್ಕ ನಿಂತಿತು.
ಹಿಂದೆಯೇ ಓಡಿ ಬಂದ ಹುಡುಗ
ಗೆರೆಯ ಹತ್ತಿರ ತಡೆದು ನಿಂತ,
ಯಾಕೋ, ನಾವಿಬ್ಬರೂ ಹಾಗೆ ನಿಂತಿದ್ದಕ್ಕೋ.
"ಒಳಗೆ ಬರಲಾ ಅಜ್ಜ?"

"ಬಾಗಿಲು ಪೂರ್ವಕ್ಕಿದೆ" ಅಂದ ಪಾಲಯ್ಯ. "ಸುತ್ತಿ ಬಾ."

ಹುಡುಗ ಸುತ್ತಿ ಬಂದ.