ಗಡ್ಡೆ ಕೀಳುವ ತಿಂಗಳ ಒಂದು ಶನಿವಾರ

ಬೀಜದ ಕಂಪನಿ ಪುಕ್ಕಟೆ ಕೊಟ್ಟ ಕ್ಯಾಲೆಂಡರು
ಫ್ರಿಜ್ಜಿನ ಬಾಗಿಲ ಮೇಲೆ,
ತಿಂಗಳಿಗೊಂದು ಟ್ರ್ಯಾಕ್ಟರು.
ಅದರೆದುರು ನಿಂತಿದ್ದಾಳೆ ಮಾರಿಟ್,
ಬಾಯಲ್ಲಿ ಹಲ್ಲುಜ್ಜುವ ಬ್ರಶ್ಶು, ಕೈಯಲ್ಲಿ ಹಸಿರು ಪೆನ್ನು:
ಪರೀಕ್ಷೆ ಯಾವ ಶನಿವಾರ ಬರೀಲಿ, ಅಮ್ಮಾ?
ನೊರೆಯೊಳಗಿಂದ ಬಂದ ಮಾತು,
ಅರ್ಧ ನಾನೇ ಊಹಿಸಿಕೊಂಡೆ.

ಜೂನ್ ಒಳ್ಳೆಯದು ಅಂತಾರೆ ಮಿಸ್ ಪಾಯ್ಟ್ರಾ,
ಬೀಜಗಣಿತ ಆರುವ ಮುಂಚೆಯೇ
ತಟ್ಟೆಗೆ ಬಿದ್ದ ಹಾಗೇ ಉಣ್ಣಬೇಕಂತೆ.
(ನೂರಾ ಹನ್ನೊಂದು ಮಕ್ಕಳಿಗೆ ಅವರೊಬ್ಬರೇ ಸಲಹೆಗಾರ್ತಿ,
ವಾಲಿಬಾಲ್ ಕೋಚೂ ಅವರೇ,
ಡ್ರೈವರ್ ಬಾರದ ದಿನ ಬಸ್ಸೂ ಅವರದೇ.)
ಆದರೆ ಜೂನಿನ ಆ ಶನಿವಾರ ಸಿಗ್ನಿಯ ಮದುವೆ,
ನೀಲಿ ಗೌನು ಆಗಲೇ ಹೊಲಿದು ಬಂದಿದೆ.
ಜುಲೈಗೆ ಗ್ರಾಂಡ್ ಫೋರ್ಕ್ಸಿನಲ್ಲಿ ಕುರ್ಚಿ ಖಾಲಿಯಿಲ್ಲ;
ಖಾಲಿಯಿರುವಲ್ಲಿಗೆ ನೂರಾ ತೊಂಬತ್ತು ಮೈಲಿ.
ಡಿಸೆಂಬರ್ ಬೇಡವೇ ಬೇಡ.
ಹಿಮ ಯಾರ ಅಪ್ಪಣೆಗೂ ಕಾಯುವುದಿಲ್ಲ,
ಅಂಕ ಬಂದು ಮುಟ್ಟುವಷ್ಟರಲ್ಲಿ
ವಿದ್ಯಾರ್ಥಿವೇತನದ ಬಾಗಿಲು ಹಾಕಿರುತ್ತಾರೆ.

ಉಳಿದದ್ದು ಅಕ್ಟೋಬರು.
ಆ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಅಕ್ಟೋಬರೆಂದರೆ ಇಲ್ಲಿ ಸಕ್ಕರೆ ಬೀಟ್‌ಗಡ್ಡೆ.
ರೆಡ್ ರಿವರಿನ ಎರಡೂ ದಡದಲ್ಲಿ ಹಗಲೂ ರಾತ್ರಿ ಅಗೆತ,
ಲಾರಿಯ ಹಿಂದೆ ಲಾರಿ, ರಸ್ತೆಯ ತುಂಬ ಕರಿಮಣ್ಣು.
ಸಂಜೆ ಏಳರಿಂದ ಬೆಳಗಿನ ಏಳು ನನ್ನ ಪಾಳಿ,
ಆಮೇಲೆ ಅವಳಪ್ಪನದು.
ನಡುವೆ ತಮ್ಮನ ಊಟ, ಹೊಲಕ್ಕೆ ಬುತ್ತಿ,
ಎರಡೂ ಮಾರಿಟ್ ಪಾಲಿಗೆ.

ನಾನೂ ಬರೆದಿದ್ದೆ, ಇಪ್ಪತ್ತಾರು ವರ್ಷದ ಹಿಂದಿನ ಅಕ್ಟೋಬರಿನಲ್ಲಿ,
ರಾತ್ರಿಯಿಡೀ ಲಾರಿ ಓಡಿಸಿ,
ಬೂಟಿನ ಮಣ್ಣು ಬಾಗಿಲಲ್ಲಿ ಕೊಡವಿ.
ಮೂರನೆಯ ಭಾಗ, ಓದಿ ಅರ್ಥಮಾಡಿಕೊಳ್ಳುವುದು:
ಯಾವುದೋ ದೀಪಸ್ತಂಭದ ಕಥೆ.
ಕಡಲು ಕಾಣದ ನನಗೆ ದೀಪ ಕಂಡದ್ದಷ್ಟೇ ನೆನಪು.
ಎದ್ದಾಗ ಕೆನ್ನೆಯ ಮೇಲೆ ಸಾಲಾಗಿ ಪೆನ್ಸಿಲಿನ ಚುಕ್ಕಿ,
ಉತ್ತರದ ಹಾಳೆಯ ಅಚ್ಚು.
ಬಂದ ಅಂಕ ಎಷ್ಟೆಂದು ಡ್ಯಾರೆಲ್‌ಗೂ ಹೇಳಿಲ್ಲ,
ಮದುವೆಯಾಗಿ ಇಪ್ಪತ್ತೊಂದು ವರ್ಷ.

ಡ್ಯಾರೆಲ್ ಹೇಳುವುದೇ ಬೇರೆ:
ಅಕ್ಟೋಬರೇ ಹಾಕು, ಬಿಸಿಲು ಬರುತ್ತೆ ನೋಡು.
ಅರವತ್ತೈದು ಡಿಗ್ರಿ ದಾಟಿದರೆ ಅಗೆತ ನಿಲ್ಲಬೇಕು,
ಬೆಚ್ಚಗಿನ ಗಡ್ಡೆ ರಾಶಿಯಲ್ಲಿ ಕೊಳೆಯುತ್ತೆ,
ಕಾರ್ಖಾನೆಯವರೇ ರಜೆ ಸಾರುತ್ತಾರೆ.
ಎಲ್ಲದಕ್ಕೂ ಹದ ನೋಡುವವನು ಅವನು,
ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ, ಮುರಿದು, ಮೂಸಿ.
ಮೇಜಿನಾಚೆಯಿಂದ ಮಗಳನ್ನೂ ಹಾಗೇ ನೋಡುತ್ತಿದ್ದ,
ಹದಿನೇಳಕ್ಕೆ ಹದವೇ, ಇನ್ನೊಂದು ಮಳೆ ಬೇಕೇ ಎಂಬಂತೆ.

ಬಿಸಿಲು ನಂಬಿ ಪರೀಕ್ಷೆಗೆ ಕಟ್ಟುತ್ತಾರಾ ಯಾರಾದರೂ?
ಫೋನು ತೆಗೆದುಕೊಂಡು ಹಿತ್ತಿಲಿಗೆ ಹೋದೆ.
ಯೂಸೇಬಿಯೋ ಅಂತ, ಅರಿಜೋನಾದ ನಿವೃತ್ತ ಅಂಚೆಯವ,
ಮನೆಯನ್ನೇ ಗಾಡಿಯ ಮೇಲಿಟ್ಟು, ಹೆಂಡತಿ, ಗಿಳಿ ಸಮೇತ
ವರ್ಷವೂ ಗಡ್ಡೆ ಕೆಲಸಕ್ಕೆ ಬರುತ್ತಾನೆ.
ಒಂದು ರಾತ್ರಿ ನನ್ನ ಲಾರಿ ಓಡಿಸ್ತೀಯಾ, ಶುಕ್ರವಾರ?
ಎರಡು ರಾತ್ರಿ ಬೇಕಾದರೂ, ಅಂದ.
ಹಿಂದಿನಿಂದ ಗಿಳಿಯೂ ಏನೋ ಅಂದಿತು.
ಅಷ್ಟು ಸುಲಭವಿತ್ತು.
ಇಪ್ಪತ್ತಾರು ವರ್ಷದ ಹಿಂದೆ
ಯಾರಾದರೂ ಒಂದು ಫೋನು...
ಇರಲಿ.

ಒಳಗೆ ಬಂದಾಗ ಬಾಯಿ ತೊಳೆದುಕೊಂಡು ಬಂದಿದ್ದಳು.
ಹಾಳೆಗಳನ್ನು ಮಗುಚಿ, ಅಕ್ಟೋಬರಿನ ಚೌಕದಲ್ಲಿ
ಹಸಿರಿನಲ್ಲಿ ಬರೆದಳು: ಪರೀಕ್ಷೆ, ಎಂಟಕ್ಕೆ.
ಪೆನ್ನು ಕಸಿದುಕೊಂಡು ಅದರ ಹಿಂದಿನ ಚೌಕದಲ್ಲಿ
ನಾನು ಬರೆದೆ: ನಿದ್ದೆ. ಇಬ್ಬರಿಗೂ.

ಟ್ರ್ಯಾಕ್ಟರಿನ ಗಾಲಿಯ ಮೇಲೆ ಪೇಸ್ಟಿನ ಒಂದು ಹನಿ.
ಒರೆಸಲು ಹೋಗಿ ಇನ್ನಷ್ಟು ಹರಡಿದೆ.